ಕೈಬಿಟ್ಟ ‘ಅಂತ’

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕೆಂಪು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಯಾರ ಜೊತೆ ಮಾತಿಗೆ ನಿಂತರೂ ಚೀಲದಿಂದ ಒಂದು ಕಾಯಿ ಎತ್ತಿ, ಮುರಿದು, ಬೀಜ ಉದುರಿಸುತ್ತ ಕೇಳುವುದು ಅವರ ಅಭ್ಯಾಸ. ಅದೇ ಬೆರಳಿನಿಂದ ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದರು. ಅವರ ಟಿಪ್ಪಣಿ ಓದಲು ಹೋದವರಿಗೆ ಮೊದಲು ಸೀನು ಬರುತ್ತಿತ್ತು, ಆಮೇಲೆ ಸುದ್ದಿ.

ಬಲಗೈಯೋ ಎಡಗೈಯೋ ಎಂದು ಈಗ ಅನುಮಾನ. ಬಲಗೈಯಲ್ಲಿ ಪೆನ್ನು ಇರುತ್ತಿತ್ತಲ್ಲ. ಇರಲಿ, ಉಗುರು ಕೆಂಪಗಿದ್ದದ್ದು ಖರೆ.

ಅವರು ನಮ್ಮ ಪತ್ರಿಕೆಯ ಬ್ಯಾಡಗಿ ಬಾತ್ಮೀದಾರರು; ರಾಣೆಬೆನ್ನೂರು ಕಡೆಯ ಸುದ್ದಿಯೂ ಅವರದೇ. ನಾನು ಹಾವೇರಿ ಕಚೇರಿಯಲ್ಲಿ ಕೂತು, ಅವರು ಫೋನಿನಲ್ಲಿ ಓದಿ ಹೇಳಿದ್ದನ್ನು ಟೈಪು ಮಾಡುವವನು. ಮೊಬೈಲಿನಲ್ಲೇ ಬರೆದು ಕಳಿಸಿ ಎಂದರೆ ಒಪ್ಪುತ್ತಿರಲಿಲ್ಲ. “ಬಾಯಿಲೆ ಹೇಳಿದ್ರ ನನಗೂ ಕೇಳಸ್ತೈತಿ ತಮ್ಮಾ. ಸುಳ್ಳಿದ್ರ ಅಲ್ಲೇ ಗೊತ್ತಾಗ್ತೈತಿ.”

ನೋಟ್‌ಬುಕ್ಕಿನಲ್ಲಿ ಅವರದೊಂದು ಕಟ್ಟುನಿಟ್ಟು. ಕಣ್ಣಾರೆ ಕಂಡದ್ದನ್ನು ಹಾಗೇ ಬರೆಯುವುದು. ಇನ್ನೊಬ್ಬರು ಹೇಳಿದ್ದರ ಕೊನೆಗೆ ‘ಅಂತ’ ಸೇರಿಸುವುದು. ‘ಗೋದಾಮಿನ ಬಾಗಲಾ ಸುಟ್ಟೈತಿ’ ಎಂದಿದ್ದರೆ ಅವರೇ ನೋಡಿದ್ದಾರೆ. ‘ಒಳಗ ಚೀಲ ಇದ್ದುವು ಅಂತ’ ಎಂದಿದ್ದರೆ ಯಾರೋ ಹೇಳಿದ್ದಾರೆ. ಕಚೇರಿಯಲ್ಲಿ ಅವರಿಗೆ ‘ಅಂತಪ್ಪ’ ಎಂದು ಅಡ್ಡಹೆಸರಿಟ್ಟಿದ್ದೆವು.

“ಅಂತಪ್ಪನವರ, ಊಟ ಮಾಡೀರೋ, ಮಾಡೀರಿ ಅಂತೋ?” ಎಂದು ಕೆಣಕಿದರೆ, “ಚಾ ಕುಡಸ್ತೇನಿ ಅಂದಿದ್ದಿ ನೀ, ಅದೂ ಇನ್ನಾ ‘ಅಂತ’ದಾಗ ಐತಿ ನೋಡಪಾ” ಎನ್ನುತ್ತಿದ್ದರು.

ಒಂದು ಸಂಜೆ ಕುಮಾರಪಟ್ಟಣದ ಹತ್ತಿರ ತುಂಗಭದ್ರೆಯಲ್ಲಿ ತೆಪ್ಪ ಮಗುಚಿತು. ಅದರಲ್ಲಿ ಮೂವರಿದ್ದರು. ದಂಡೆಯಿಂದಲೇ ಅವರ ಫೋನು ಬಂತು. ಇಬ್ಬರ ಹೆಣ ಸಿಕ್ಕಿತ್ತು. ಮೂರನೆಯವನು ಕುಪ್ಪೇಲೂರಿನವನು, ಇನ್ನೂ ಸಿಕ್ಕಿರಲಿಲ್ಲ. ಪುಟ ಕಟ್ಟುವವರು ನನ್ನ ಬೆನ್ನ ಹಿಂದೆ ನಿಂತು “ಲಗೂ ಮುಗಸ್ರಿ” ಎನ್ನುತ್ತಿದ್ದರು. ‘ಮೂವರೂ ನೀರುಪಾಲು’ ಎಂದು ನಾನು ಟೈಪು ಮಾಡಿದೆ.

ಮರುದಿನ ಬೆಳಿಗ್ಗೆ ಪತ್ರಿಕೆ ನೋಡಿ, ಕುಪ್ಪೇಲೂರಿನ ಆ ಮನೆಯ ಹಿರಿಯರು ಅವನ ಹೆಂಡತಿಯ ಬಳೆ ಒಡೆದರು. ಮಧ್ಯಾಹ್ನದ ಬಸ್ಸಿನಿಂದ ಅವನೇ ಇಳಿದು ಬಂದ. ಈಜಿ ಆಚೆ ದಂಡೆ ಹತ್ತಿ, ಚಳಿಜ್ವರ ಬಂದು ಬೀಗರ ಮನೆಯಲ್ಲಿ ಮಲಗಿದ್ದ. ಫೋನು ಹೊಳೆಯಲ್ಲಿ ಹೋಗಿತ್ತು.

ಬಾತ್ಮೀದಾರರು ಆ ಮನೆಗೆ ಹೋದರು. ಕಚೇರಿಯವರು ನನ್ನನ್ನೂ ಜೊತೆಗೆ ಕಳಿಸಿದ್ದರು. ಆಕೆಯ ಮಣಿಕಟ್ಟಿಗೆ ಗಾಜು ಚುಚ್ಚಿದ ಕಡೆ ಅರಿಶಿನ ಮೆತ್ತಿತ್ತು. “ಕುಂದ್ರಿ ಯಣ್ಣಾ” ಎಂದಳು. “ಪೇಪರ್‌ನ್ಯಾಗ ಬಂದೈತಿ ಅಂದಮ್ಯಾಲೆ ಖರೇನ ಇರಬೇಕು ಅಂದ್ರು. ನಾನೂ ಕೈ ಚಾಚಿದ್ನಿ.”

ಅವರು ಕೂರಲಿಲ್ಲ. “ತಪ್ಪಾತವ್ವಾ. ನಂದ ತಪ್ಪು” ಎಂದರು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ.

ಕಚೇರಿಯಲ್ಲಿ ವಿಚಾರಣೆಯಾಯಿತು. ಆ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ಲೈನು ಸರಿ ಇರಲಿಲ್ಲ, ಅವರು ‘ಅಂತ’ ಅನ್ನಲೇ ಇಲ್ಲ ಎಂದೆ.

“ಪುಸ್ತಕದಾಗ ಬರದೇನಿ” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ನಾ ಅನ್ನಲಿಲ್ಲೇನು ತಮ್ಮಾ?”

“ಇಲ್ರಿ.”

“ಹಂಗಾದ್ರ ಬಿಟ್ಟಿರಬೇಕು. ಪುಸ್ತಕೇನು ಫೋನಿನ್ಯಾಗ ಮಾತಾಡಿಲ್ಲಲ್ಲ.”

ಹಾಗೆನ್ನುವ ಮೊದಲು ಬಹಳ ಹೊತ್ತು ನನ್ನನ್ನು ನೋಡಿದರು ಎಂದು ಈ ಸಂಗತಿಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬರೆದಿದ್ದೇನೆ. ಅದು ನಾನು ಕಟ್ಟಿಕೊಂಡದ್ದು. ನಾನು ಅವರ ಮುಖ ನೋಡಿರಲೇ ಇಲ್ಲ.

ಪತ್ರಿಕೆ ಅವರನ್ನು ಬಿಟ್ಟಿತು. ಅವರು ಬರೆಯುವುದನ್ನು ಬಿಡಲಿಲ್ಲ. ಮಾರುಕಟ್ಟೆಗೆ ಹೋಗುವುದು, ಕಾಯಿ ಮುರಿಯುವುದು, ಬರೆಯುವುದು. ಒಮ್ಮೆ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, “ಇದನ್ನ ಯಾರಿಗೆ ಕಳಸ್ತೀರಿ?” ಎಂದು ಕೇಳಿದೆ.

“ಯಾರಿಗೂ ಇಲ್ಲ. ಮುಂದ ಯಾರರೆ ಅವತ್ತ ಏನಾತು ಅಂತ ಕೇಳಿದ್ರ, ಒಂದ ಕಡೆನರೆ ಸರಿಯಾಗಿ ಇರ್ಲಿ.” ಚಹಾ ಅವರೇ ಕುಡಿಸಿದರು.

ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ತಿಂಗಳ ಮೇಲೆ ಮಗಳು ಫೋನು ಮಾಡಿದಳು: “ಕಾಕಾ, ಅಪ್ಪನ ನೋಟ್‌ಬುಕ್ ರದ್ದಿಯವಗ ಕೊಡಾಕ ಮನಸ್ಸಾಗವಲ್ದು. ನೀವು ಒಯ್ತೀರೇನು? ನಿಮ್ಮ ಹೆಸರು ಭಾಳ ಹೇಳ್ತಿದ್ರು.”

ಎರಡು ಗೋಣಿಚೀಲ. ಮೊದಲನೆಯದನ್ನು ಬಿಚ್ಚಿದ್ದೇ ಸೀನಿದೆ. ಮಗಳಿಗೆ ನಗು ಬಂತು, ನಗುತ್ತಲೇ ಅತ್ತಳು.

ಆ ಸಂಜೆಯ ಹಾಳೆ ಸಿಕ್ಕಿತು. ಹೊಳೆಯ ನೀರು ತಾಗಿ ಒಂದು ಮೂಲೆ ಸುಕ್ಕಾಗಿದೆ, ಅಂಚಿನಲ್ಲಿ ಕೆಂಪು ಹೆಬ್ಬೆಟ್ಟು. ‘ಇಬ್ಬರು ಸಿಕ್ಕಾರ. ಮೂರನೇದಾವ ಹೋಗ್ಯಾನ ಅಂತ.’ ‘ಅಂತ’ದ ಕೆಳಗೆ ಒತ್ತಿ ಎಳೆದ ಗೆರೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘ಫೋನಿನ್ಯಾಗ ಅಂದೆನೋ ಇಲ್ಲೋ. ನೆನಪಾಗವಲ್ದು.’ ಇನ್ನೂ ಕೆಳಗೆ, ನಡುಗುವ ಅಕ್ಷರದಲ್ಲಿ, ಬಹಳ ಈಚಿನದು: ‘ನೆನಪಾಗವಲ್ದು.’

ಅಲ್ಲಿಯವರೆಗೆ ಅವರಿಗೆ ನನ್ನ ಸುಳ್ಳು ಗೊತ್ತಿದೆ, ಗೊತ್ತಿದ್ದೂ ಕ್ಷಮಿಸಿದ್ದಾರೆ ಎಂದುಕೊಂಡು ಬದುಕಿದ್ದೆ. ಅವರು ನನ್ನನ್ನು ನಂಬಿದ್ದರು. ನಂಬಿ, ತಮ್ಮ ನೆನಪನ್ನೇ ಕೊನೆಯವರೆಗೂ ಅನುಮಾನಿಸಿದ್ದರು.

ಆ ಹಾಳೆಯಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿದೆ. ಅವರ ಪುಟದಲ್ಲಿ ಬರೆಯುವ ಹಕ್ಕು ನನಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಬೆರಳು ಯಾವ ಕೈಯದೆಂದು ನನಗೆ ಗೊತ್ತಿಲ್ಲ. ವಿಚಾರಣೆಯ ದಿನ ನೀವು ನನ್ನನ್ನು ಹೇಗೆ ನೋಡಿದಿರೆಂದೂ ಗೊತ್ತಿಲ್ಲ. ಆದರೆ ಲೈನು ಸರಿಯಿತ್ತು. ನೀವು ‘ಅಂತ’ ಅಂದಿರಿ, ಎರಡು ಸಲ ಅಂದಿರಿ. ನಾನು ಕೇಳಿದೆ.

ಇದಕ್ಕೆ ‘ಅಂತ’ ಇಲ್ಲ.