ಮಮಸೋಲಿ ಕಟ್ಟಿದ ನಡುಕಟ್ಟು

ನನ್ನ ಗಂಡ ಹೋಶಿಮ್ ಅವರ ತಲೆಯ ಸುತ್ತಳತೆ ಐವತ್ತೇಳು ಸೆಂಟಿಮೀಟರ್. ನಾನು ಟೋಪಿ ಹೊಲಿಯುವವಳು, ನಮ್ಮ ಚುಸ್ತ್ ಊರಿನಲ್ಲಿ ಹೆಂಗಸರ ಕಸುಬೇ ಅದು. ಮದುವೆಗೆ ಮೊದಲೇ ಆ ಅಳತೆ ನನ್ನ ಕೈಗೆ ಬಂದಿತ್ತು. ಆಮೇಲೆ ಹದಿಮೂರು ವರ್ಷ ಆ ತಲೆಯನ್ನು ಹತ್ತಿ ಕಾರ್ಖಾನೆಯ ಫುಟ್‌ಬಾಲ್ ತಂಡ ಬಳಸಿಕೊಂಡಿತು. ಸವೆಸಿ ನನಗೆ ವಾಪಸು ಕೊಟ್ಟಿತು.

ಅವರು ಡಿಫೆಂಡರ್. ಗೋಲು ಹೊಡೆದವನಿಗೆ ಕುರಿ, ಜಮಖಾನ, ಪೇಪರಿನಲ್ಲಿ ಫೋಟೋ. ತಡೆದವನಿಗೆ ಬೆನ್ನು ತಟ್ಟಿದರೆ ಮುಗಿಯಿತು. ಹದಿಮೂರು ವರ್ಷದಲ್ಲಿ ಅವರ ಲೆಕ್ಕಕ್ಕೆ ಬಂದ ಗೋಲು ಎರಡು. ಅದರಲ್ಲಿ ಒಂದು ನಮ್ಮ ಗೋಲಿಗೇ ಹೋದದ್ದು. ಅವರಿಗೆ ಗೋಡೆ ಎಂದು ಹೆಸರಿಟ್ಟವನು ಕೋಚ್ ಮಮಸೋಲಿ. ಊರೂ ಹಾಗೇ ಕರೆಯಿತು.

"ಗೋಡೆ ಅಕಾ, ನಾಳೆ ಗೆಲ್ತೀವಾ?" ಎಂದು ನಾನ್ ರೊಟ್ಟಿ ಸುಡುವವನು ಕೇಳುತ್ತಿದ್ದ. ಅಕಾ ಅಂದರೆ ನಮ್ಮಲ್ಲಿ ಅಣ್ಣ.

"ಗೆಲ್ಲೋದು ಮುಂದೆ ಆಡೋರ ಕೆಲಸ ಕಣೋ. ನಾನು ಸೋಲದ ಹಾಗೆ ನೋಡ್ಕೋತೀನಿ. ನೀನು ನಾನ್ ಸೀಯದ ಹಾಗೆ ನೋಡ್ಕೋ."

ಮೈದಾನದ ಅಂಚಿನ ಹಿಪ್ಪುನೇರಳೆ ಮರಕ್ಕೆ ಮಮಸೋಲಿ ಒಂದು ಹಳೆಯ ತೊಗಲಿನ ಚೆಂಡು ತೂಗುಹಾಕಿದ್ದ. ಕಾಲುವೆಯಲ್ಲಿ ಅದ್ದಿ ಭಾರ ಮಾಡಿದ ಚೆಂಡು. ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ ಅದನ್ನು ಹಣೆಯಿಂದ ಗುದ್ದಬೇಕು. ಉಳಿದವರು ಎಣಿಕೆ ತಪ್ಪಿಸುತ್ತಿದ್ದರು. ನನ್ನ ಗಂಡ ತಪ್ಪಿಸಲಿಲ್ಲ. ಅವರು ಮಾಡಿದ ದೊಡ್ಡ ತಪ್ಪು ಅದೇ.

ಒಂಬತ್ತನೇ ವರ್ಷದ ಒಂದು ಪಂದ್ಯದಲ್ಲಿ ಎದುರು ತಂಡದವನ ತಲೆಗೆ ಇವರ ತಲೆ ಬಡಿಯಿತು. ಮೈದಾನದ ಪಕ್ಕದಲ್ಲೇ ನಾದಿನಿ ಒಯ್‌ಗುಲ್‌ಳ ಮನೆ. ಅದರ ಮಾಳಿಗೆಯಿಂದ ನಾನು ನೋಡುತ್ತಿದ್ದೆ. ಬಿದ್ದವರು ಏಳಲಿಲ್ಲ. ಮಮಸೋಲಿ ಓಡಿ ಬಂದು ಮುಖಕ್ಕೆ ನೀರು ಎರಚಿದ. ಘಾಟು ಔಷಧಿಯ ಹತ್ತಿ ಮೂಗಿಗೆ ಹಿಡಿದ. ತೋಳು ಹಿಡಿದು ನಿಲ್ಲಿಸಿ ಮೈದಾನಕ್ಕೆ ತಳ್ಳಿದ. ಜನ ಚಪ್ಪಾಳೆ ತಟ್ಟಿದರು. ಇನ್ನೂ ನಲವತ್ತು ನಿಮಿಷ ಆಡಿದರು.

ಮನೆಗೆ ಬಂದು ಊಟಕ್ಕೆ ಕೂತರು. "ನನ್ನ ಬೂಟ್ ಎಲ್ಲಿ? ಇವತ್ತು ಆಟ ಇದೆ" ಅಂದರು.

"ಆಟ ಮುಗೀತು. ಗೆದ್ರಿ."

"ಹೌದಾ?" ಅಂದರು. ಚಹಾ ಕುಡಿದರು. ಮತ್ತೆ ಬೂಟ್ ಕೇಳಿದರು. ಐವತ್ತೇಳರ ಟೋಪಿ ಆ ವಾರ ಊದಿದ ತಲೆಗೆ ಇಳಿಯಲಿಲ್ಲ. ಮುಂದಿನ ಭಾನುವಾರ ಮಮಸೋಲಿ ಅವರನ್ನು ಮತ್ತೆ ಆಡಿಸಿದ. ಹಾಗೆ ಇನ್ನೂ ನಾಲ್ಕು ವರ್ಷ.

ಆಟ ಬಿಟ್ಟ ಮೇಲೆ ತಲೆನೋವು. ನಲವತ್ತೈದಕ್ಕೆ ಮಗಳ ಹೆಸರು ಮರೆತರು, ಆಮೇಲೆ ನನ್ನದು. ಆಟ ಮಾತ್ರ ಮೈಯಿಂದ ಹೋಗಲಿಲ್ಲ. ಹಾಲು ತರುವವಳು ಬಂದರೆ ಬಾಗಿಲಲ್ಲಿ ಕೈ ಅಗಲಿಸಿ ನಿಂತು, ಅವಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಸರಿಯುತ್ತಿದ್ದರು. "ಇವತ್ತೂ ನನ್ನ ಬಿಡಲಿಲ್ಲ ನೋಡಕ್ಕಾ ನಿಮ್ಮ ಯಜಮಾನ್ರು" ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಲೆಯ ಮುಂದೆ ಹೋಗಿ ಅಳುತ್ತಿದ್ದೆ. ನಮಂಗಾನ್ ಪಟ್ಟಣದ ಡಾಕ್ಟರ್ ತಲೆಯ ಚಿತ್ರ ನೋಡಿ, "ಇಷ್ಟು ಪೆಟ್ಟು ಯಾರು ಕೊಟ್ಟದ್ದಮ್ಮ?" ಎಂದು ಕೇಳಿದರು. ಆ ಐದು ವರ್ಷ ನಮ್ಮ ಮನೆಗೆ ಮಮಸೋಲಿ ಒಂದು ದಿನವೂ ಬರಲಿಲ್ಲ.

ಐವತ್ತಕ್ಕೆ ಸತ್ತರು. ಅವತ್ತು ಬಂದ.

ಸಾವಿನ ಮನೆಯ ಬಾಗಿಲಲ್ಲಿ ಟೋಪಿ ಹಾಕಿ, ಸೊಂಟಕ್ಕೆ ಬಟ್ಟೆಯ ನಡುಕಟ್ಟು ಕಟ್ಟಿ ನಿಲ್ಲುವವರು ಮನೆಯ ಗಂಡಸರು. ಬಂದವರು ಅವರ ಕೈ ಹಿಡಿದು ದುಃಖ ಹೇಳುತ್ತಾರೆ. ಮೈದುನ ಯೋಲ್ದೋಶ್ ಮತ್ತು ಅಳಿಯ ನಿಂತಿದ್ದರು. ಮೂರನೆಯವನಾಗಿ ಮಮಸೋಲಿ ನಿಂತ, ನಡುಕಟ್ಟನ್ನು ತಾನೇ ತಂದು ತಾನೇ ಕಟ್ಟಿಕೊಂಡು. "ನನ್ನ ಗೋಡೆ ಬಿತ್ತು! ನನ್ನ ತಮ್ಮ ಹೋದ!" ಎಂದು ಅವನು ಅಳುವುದು ಒಳಗೆ ಹೆಂಗಸರಿಗೆಲ್ಲ ಕೇಳಿಸಿತು. ಊರು ಅವನ ಕೈ ಹಿಡಿದು ಸಮಾಧಾನ ಹೇಳುತ್ತಿತ್ತು. ನಾನು ಎದ್ದೆ.

ಒಯ್‌ಗುಲ್ ಸೆರಗು ಹಿಡಿದಳು. "ಅತ್ತಿಗೆ, ಗಂಡಸರಿರೋ ಬಾಗಿಲಿಗೆ ಹೋಗ್ಬೇಡಿ. ಜನ ಏನಂದಾರು?"

"ಅನ್ನಲಿ."

ಅವನ ಎದುರು ಹೋಗಿ ನಿಂತೆ. "ಮಮಸೋಲಿ ಅಕಾ, ನಡುಕಟ್ಟು ಬಿಚ್ಚಿ."

"ಹಾಗನ್ನಬೇಡ ತಂಗಿ. ಅವನು ನನಗೆ ತಮ್ಮನಿಗಿಂತ ಹೆಚ್ಚು."

"ತಮ್ಮ ಬಿದ್ದಾಗ ಮತ್ತೆ ಆಡೋಕೆ ತಳ್ಳಿದ್ರಲ್ಲ."

"ನಾನೆಲ್ಲಿ ತಳ್ಳಿದೆ? ಅವನೇ ಆಡ್ತೀನಿ ಅಂದ. ದೇವರಾಣೆ, ಅವನೇ ಕೇಳಿದ!"

"ಇವತ್ತು ಆಟ ಇದೆ, ಬೂಟ್ ಎಲ್ಲಿ ಅಂತ ಅವತ್ತು ರಾತ್ರಿ ನನ್ನ ಕೇಳಿದವರೂ ಅವರೇ. ಆಡಿದ್ದೇ ಗೊತ್ತಿಲ್ಲದವರ ಮಾತು ನಿಮಗೆ ಅಪ್ಪಣೆ ಆಯ್ತಾ?"

ಅವನು ಯೋಲ್ದೋಶ್ ಕಡೆ ನೋಡಿದ. ಯೋಲ್ದೋಶ್ ನೆಲ ನೋಡಿದ. ನಮ್ಮ ಬೀದಿಯ ಹಿರಿಯರೊಬ್ಬರು, "ಸತ್ತವರ ಮುಂದೆ ಜಗಳ ಬೇಡ ಮಗಳೇ" ಅಂದರು.

"ಜಗಳ ಇಲ್ಲ ತಾತಾ. ಬಂದವರ ಹಾಗೆ ಬರಲಿ, ಬೆಂಚಿನ ಮೇಲೆ ಕೂರಲಿ, ಪ್ರಾರ್ಥನೆ ಮಾಡಲಿ. ಮನೆಯವರ ಸಾಲಲ್ಲಿ ನಿಲ್ಲೋದು ಬೇಡ."

ಅವನು ಗಂಟಿಗೆ ಕೈ ಹಾಕಲಿಲ್ಲ. ನಾನೇ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಉಗುರು ಹಾಕಬೇಕಾಯಿತು. ಪರಗಂಡಸಿನ ಸೊಂಟಕ್ಕೆ ಕೈ ಹಾಕಿದಳು ಎಂದು ಊರು ಈಗಲೂ ಆಡಿಕೊಳ್ಳುತ್ತದೆ. ಅವನು ನನ್ನ ಗಂಡನ ತೋಳು ಹಿಡಿದು ಮೈದಾನಕ್ಕೆ ತಳ್ಳಿದ್ದನ್ನು ಯಾರೂ ಆಡಿಕೊಳ್ಳುವುದಿಲ್ಲ.

ಹೆಣ ಎತ್ತಿದಾಗ ಮಮಸೋಲಿ ಬೆಂಚಿನಿಂದ ಎದ್ದು ಹೆಗಲು ಕೊಟ್ಟ. ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಎಲ್ಲರ ಹಾಗೆ ಏಳು ಹೆಜ್ಜೆ ಹೊತ್ತು ಇನ್ನೊಬ್ಬರಿಗೆ ಬಿಟ್ಟುಕೊಟ್ಟ. ಅವನ ಸೊಂಟ ಬರಿದಾಗಿತ್ತು.