ಟೈಲರಕ್ಕನ ಮ್ಯಾನೇಜರ್

ನನ್ನ ಹಾರ್ಡ್‌ವೇರ್ ಅಂಗಡಿಯ ಪಕ್ಕದಲ್ಲೇ ಮಹಡಿಗೆ ಹೋಗುವ ಮೆಟ್ಟಿಲು. ಹದಿನಾಲ್ಕು ಹತ್ತಿದರೆ ಟೈಲರಕ್ಕನ ಕೋಣೆ. ಒಂದು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಗೆ ತಾಗಿಸಿದ ಮಂಚ, ಮತ್ತು ಬಾಗಿಲಿಗೆ ಅಡ್ಡವಾಗಿ ಮ್ಯಾನೇಜರ್. ಮ್ಯಾನೇಜರ್ ಎಂದರೆ ನಾಯಿ. ಕೂತಲ್ಲೇ ಕೂತು ಬಂದವರ ಮೇಲೆ ಕೂಗಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಅಕ್ಕನ ತಮ್ಮ ಇಟ್ಟ ಹೆಸರು.

ತಮ್ಮ ಲಾರಿ ಓಡಿಸುತ್ತಾನೆ. "ನಾಲ್ಕು ದಿನ ಇಟ್ಕೊಂಡಿರಕ್ಕ, ವಾಪಸ್ ಬರ್ತಾ ಕರ್ಕೊಂಡ್ ಹೋಗ್ತೀನಿ" ಎಂದು ಬಿಟ್ಟುಹೋದ. ಆ ನಾಲ್ಕು ದಿನಕ್ಕೆ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿದೆ. ಅಕ್ಕನಿಗೆ ಇದು ಹೊಸತೇನಲ್ಲ. ಹದಿನಾರನೇ ವಯಸ್ಸಿಗೆ ಮೆಷಿನ್ನಿನ ಮುಂದೆ ಕೂತವಳು, ಇಬ್ಬರು ತಂಗಿಯರ ಮದುವೆ, ಈ ತಮ್ಮನ ಓದು, ಅವನು ಓದು ಬಿಟ್ಟ ಮೇಲೆ ಅವನ ಲೈಸೆನ್ಸು, ಎಲ್ಲವನ್ನೂ "ಸ್ವಲ್ಪ ದಿನ" ಎಂದುಕೊಂಡೇ ಹೊತ್ತವಳು. ಈಗ ಐವತ್ತೆರಡು. ಮಂಡಿ ಹೋಯಿತೆಂದು ಮೆಷಿನ್ನಿಗೆ ಮೋಟರ್ ಹಾಕಿಸಿಕೊಂಡಳು. ಮೋಟರಿಗೆ ಒಂದು ಕಾಲು ಸಾಕು. ಕೆಲಸವಿಲ್ಲದ ಎಡಗಾಲಿನ ಮೇಲೆ ನಾಯಿ ಗದ್ದ ಊರಿ ಮಲಗುತ್ತದೆ. ಮೂವತ್ತಾರು ವರ್ಷದಲ್ಲಿ ಅವಳ ದೇಹದ ಒಂದು ಭಾಗಕ್ಕೆ ರಜೆ ಸಿಕ್ಕಿತ್ತು, ಅದನ್ನೂ ಇದು ಹಿಡಿದುಕೊಂಡಿತು.

ತೊಂದರೆ ಮೆಟ್ಟಿಲಿನದು. ಕೆಳಗೆ ಯಾರ ಹೆಜ್ಜೆ ಸಪ್ಪಳವಾದರೂ ಸರಿ, ಮ್ಯಾನೇಜರ್ ಎದ್ದು ಬೊಗಳಲು ಶುರು. ಟೈಲರ್ ಮನೆಗೆ ದಿನಕ್ಕೆ ಎಷ್ಟು ಜನ ಹತ್ತುವುದಿಲ್ಲ! ಕೆಳಗೆ ಹಿಂಬದಿಯಲ್ಲಿ ಮನೆ ಮಾಲೀಕರು ಇರುತ್ತಾರೆ. ಅವರ ಹೆಂಡತಿಗೆ ತಲೆನೋವು. ಮಧ್ಯಾಹ್ನ ಕತ್ತಲೆ ಮಾಡಿಕೊಂಡು ಮಲಗಿದರೆ ಮಾತ್ರ ಇಳಿಯುವಂಥದ್ದು. ಮಾಲೀಕರು ಒಳ್ಳೆಯವರೇ. ಆದರೆ ಒಳ್ಳೆಯತನವೂ ನಿದ್ದೆಗೆಟ್ಟರೆ ಹುಳಿಯಾಗುತ್ತದೆ.

ಒಂದು ದಿನ ಮೆಟ್ಟಿಲ ಕೆಳಗೆ ನಿಂತೇ ಹೇಳಿದರು: "ನೋಡಮ್ಮ, ಈ ತಿಂಗಳ ಕೊನೇ ದಿನ ನಾನೇ ಮೇಲೆ ಬರ್ತೀನಿ. ಅವತ್ತು ಅದು ಬೊಗಳಿದ್ರೆ ನಾಯಿ ಖಾಲಿ ಮಾಡ್ಸಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

"ಕಲಿಸ್ತೀನಿ ಸಾರ್."

"ನಾಯಿ ಬಾಲಕ್ಕೆ ದಬ್ಬೆ ಕಟ್ತೀರಾ? ಕಟ್ಟಿ, ನೋಡೋಣ."

ಮನೆ ಬಿಡುವ ಮಾತೇ ಇರಲಿಲ್ಲ. ಇಪ್ಪತ್ತು ವರ್ಷದ ಗಿರಾಕಿಗಳಿಗೆ ಗೊತ್ತಿರುವುದು ಆ ಮೆಟ್ಟಿಲೊಂದೇ. ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಅವನು ಹತ್ತು ನಿಮಿಷದಲ್ಲಿ ದಾರಿ ಹುಡುಕಿಬಿಟ್ಟ. ಅವನಿಗೆ ಪರಿಚಯವಿದ್ದ ಸಿಮೆಂಟ್ ಗೋಡೌನಿನವರಿಗೆ ಕಾವಲಿಗೆ ನಾಯಿ ಬೇಕಂತೆ. "ಅಲ್ಲಿ ಗೇಟಿಗೆ ಸರಪಳೀಲಿ ಕಟ್ಟಿ ಹಾಕ್ತಾರೆ ಅಷ್ಟೇ ಅಕ್ಕ. ಊಟ ಹಾಕ್ತಾರೆ."

ಅವಳು ನನ್ನ ಅಂಗಡಿಗೆ ಬಂದು ಇದನ್ನು ಹೇಳಿದಾಗ ಮುಖದಲ್ಲಿ ಏನೂ ಇರಲಿಲ್ಲ. "ನಂಗೇನು, ಹೋದ್ರೆ ಹೋಗ್ಲಿ. ಒಂದು ತಟ್ಟೆ ತೊಳೆಯೋದು ತಪ್ಪುತ್ತೆ" ಎಂದಳು. ಹಾಗೆನ್ನುತ್ತಲೇ, ಆ ಗೋಡೌನಿನ ಸೂರು ಹೆಂಚಿನದೋ ತಗಡಿನದೋ, ಗೇಟಿನ ಹತ್ತಿರ ನೆರಳಿದೆಯೋ ಎಂದು ನನ್ನನ್ನು ಕೇಳಿದಳು. ಸಿಮೆಂಟು ಮಾರುವವನಿಗೆ ಗೋಡೌನು ಗೊತ್ತಿರುತ್ತದೆ. ತಗಡು, ನೆರಳಿಲ್ಲ ಎಂದೆ.

"ಮತ್ತೆ ಕಲಿಸ್ತಾ ಇದೀರಲ್ಲ, ಏನಾಯ್ತು?"

"ದಿನಾ ಕಲಿಸ್ತೀನಿ. ಬೊಗಳುತ್ತೆ, 'ಸುಮ್ನಿರು' ಅಂತೀನಿ, ಸುಮ್ನಾಗುತ್ತೆ, ಒಂದು ರಸ್ಕ್ ಕೊಡ್ತೀನಿ. ಎಷ್ಟು ಚೆನ್ನಾಗಿ ಮಾತು ಕೇಳುತ್ತೆ ಗೊತ್ತಾ?"

"ಆಮೇಲೆ?"

"ಆಮೇಲೆ ಮತ್ತೆ ಬೊಗಳುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ನನ್ನ ಅಂಗಡಿಗೆ ಒಬ್ಬ ಪ್ಲಂಬರ್ ಬರುತ್ತಾನೆ. ಮೊದಲ ಸಲ ನಲ್ಲಿಯ ಬೆಲೆಗೆ ಕೂಗಾಡಿದ, ಪೀಡೆ ತೊಲಗಲಿ ಎಂದು ಬಿಟ್ಟುಕೊಟ್ಟೆ. ಅಂದಿನಿಂದ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೂಗುತ್ತಾನೆ.

"ಅಕ್ಕಾ, ಬೊಗಳದೆ ಸುಮ್ಮನಾಗೋದು ಹೇಗೆ? ರಸ್ಕ್ ಬೇಕು ಅಂದ್ರೆ ಮೊದಲು ಬೊಗಳ್ಬೇಕು ಅಂತ ನೀವೇ ಅಲ್ವಾ ಕಲಿಸಿರೋದು? ಅದು ವ್ಯಾಪಾರ ಮಾಡ್ತಾ ಇದೆ. ಕೊಟ್ಟವಳು ಕೋಡಂಗಿ."

"ಅಂದ್ರೆ ಎರಡು ವರ್ಷದಿಂದ ನಾನೇ ಬೊಗಳಿಸ್ತಾ ಇದೀನಾ?"

"ರಸ್ಕ್ ಕೊಟ್ಟು."

"ಹಾಳಾಗ್ಲಿ" ಎಂದಳು, ಯಾರಿಗೆಂದು ಹೇಳಲಿಲ್ಲ.

ಮಾರನೇ ದಿನದಿಂದ ವ್ಯಾಪಾರದ ಕ್ರಮ ಬದಲಾಯಿತು. ಹೆಜ್ಜೆ ಸಪ್ಪಳ ಕೇಳಿಸಬೇಕು, ಬಾಯಿ ಇನ್ನೂ ಮುಚ್ಚಿರಬೇಕು, ಆಗ ರಸ್ಕಿನ ಚೂರು. ಬಾಯಿ ಬಿಟ್ಟರೆ ಚೂರಿಲ್ಲ, ಮಾತಿಲ್ಲ, ಅಕ್ಕ ಬೆನ್ನು ತಿರುಗಿಸಿ ಕೂರುವುದು. ಇದಕ್ಕೆ ಹತ್ತುವವರು ಬೇಕಲ್ಲ? ಗಿರಾಕಿಗಳಿಗೆಲ್ಲ ನನ್ನ ಅಂಗಡಿಯಲ್ಲೇ ಅಪ್ಪಣೆಯಾಗುತ್ತಿತ್ತು: ಮೂರು ಮೆಟ್ಟಿಲು ಹತ್ತಿ, ನಿಲ್ಲಿ, ಅಕ್ಕ ಕರೆದ ಮೇಲೆ ಮುಂದಕ್ಕೆ. ಬ್ಲೌಸ್ ಕೇಳಲು ಬಂದ ಒಬ್ಬ ನರ್ಸಮ್ಮ, "ಡಾಕ್ಟ್ರು ಕೂಡ ಇಷ್ಟು ಹೊತ್ತು ಕಾಯಿಸಲ್ಲ ಸಾವ್ಕಾರ್ರೇ" ಎಂದು ಮೂರನೇ ಮೆಟ್ಟಿಲಲ್ಲೇ ಕೂತುಬಿಟ್ಟಳು. ನಾನೂ ಗಿರಾಕಿ ಇಲ್ಲದಾಗ ಹತ್ತಿ ಇಳಿದೆ. ಪ್ಲಂಬರನನ್ನೂ ಹತ್ತಿಸಿದೆ. ಅವನ ಹೆಜ್ಜೆಗೆ ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ಬೊಗಳಿತು. ಇಬ್ಬರದೂ ಒಂದೇ ಶಾಲೆ.

ಮೊದಲ ವಾರ ಪರಿಸ್ಥಿತಿ ಕೆಟ್ಟಿತು. ಬರುತ್ತಿದ್ದುದು ನಿಂತರೆ ಯಾರು ಸುಮ್ಮನಿರುತ್ತಾರೆ? ನಾಯಿ ಊಳಿಡಲು ಶುರು ಮಾಡಿತು. ಮಾಲೀಕರ ಕಿಟಕಿ ದಢಾರೆಂದು ಮುಚ್ಚಿಕೊಂಡಿತು. "ಕಲಿಸೋಕೆ ಮುಂಚೇನೇ ವಾಸಿ ಇತ್ತಲ್ಲಮ್ಮಾ!" ಎಂದು ಒಳಗಿನಿಂದ ಕೂಗಿದ್ದು ನನಗೂ ಕೇಳಿಸಿತು.

ಅದೂ ಶಾಲೆ ಶುರುವಾಗುವ ಕಾಲ. ಮೇಜಿನ ಮೇಲೆ ಯೂನಿಫಾರ್ಮಿನ ನೀಲಿ ಬಟ್ಟೆ ರಾಶಿ. ಒಂದು ಹೊಲಿಗೆ ಮುಗಿಯುವಷ್ಟರಲ್ಲಿ ಕೆಳಗೆ ಸಪ್ಪಳ. ಅಕ್ಕ ಮೆಷಿನ್ ನಿಲ್ಲಿಸಬೇಕು, ಮಂಡಿ ಹಿಡಿದು ಏಳಬೇಕು, ಚೂರು ಹಿಡಿದು ಬಗ್ಗಬೇಕು, ಮತ್ತೆ ಬಂದು ಕೂತು ಸೂಜಿಯ ಕೆಳಗೆ ಬಟ್ಟೆ ಸರಿಮಾಡಬೇಕು. ಒಂದು ಚಡ್ಡಿಗೆ ಎಂಟು ಸಲ. ಊಟದ ಡಬ್ಬಿ ಸಾಯಂಕಾಲವಾದರೂ ಮುಚ್ಚಿಯೇ ಇರುತ್ತಿತ್ತು. ಎರಡು ಸಲ ಜೇಬನ್ನು ತಲೆಕೆಳಗೆ ಹೊಲಿದು ಬಿಚ್ಚಿದಳು. ಬಿಚ್ಚುವಾಗ ಬೈಯಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಬೈಯುವುದಕ್ಕೂ ಕಸುವು ಬೇಕು.

"ಬಿಟ್ಟುಬಿಡಿ ಅಕ್ಕಾ, ಗೋಡೌನಿಗೇ ಕಳ್ಸಿ" ಎಂದೆ ಒಂದು ದಿನ.

"ಕಳಿಸ್ಬಹುದು" ಎಂದಳು. "ತಂಗೀರು, ತಮ್ಮ, ಎಲ್ರನ್ನೂ ಒಂದೊಂದು ಕಡೆ ಸೇರಿಸಿ ಕಳಿಸಿದೀನಿ. ಎಲ್ಲಿ ಸೇರಿಸ್ತಾ ಇದೀನಿ ಅಂತ ನೋಡಿ ಕಳಿಸಿದೀನಿ. ಇದನ್ನ ನೋಡಿ ನೋಡಿ ಅಲ್ಲಿಗೆ ಹೆಂಗೆ ಕಳಿಸ್ಲಿ?" ಎದ್ದು ಹೋದಳು.

ಎರಡನೇ ವಾರ ಮೂರು ಮೆಟ್ಟಿಲು ಐದಾಯಿತು. ಆಮೇಲೆ ಒಂಬತ್ತು. ಒಂಬತ್ತರಲ್ಲಿ ನಾಲ್ಕು ದಿನ ಸಿಕ್ಕಿಕೊಂಡಿತು. ಕೊನೆಯ ದಿನ ಬಂದಾಗ ಹನ್ನೊಂದರವರೆಗೆ ಗ್ಯಾರಂಟಿ, ಅಲ್ಲಿಂದಾಚೆಗೆ ನಮ್ಮ ಕೈಯಲ್ಲಿಲ್ಲ.

ಅವತ್ತು ಬೆಳಗ್ಗೆಯೇ ಅಕ್ಕ ಮಾಲೀಕರಿಗೆ ಏನೇನು ಹೇಳಬೇಕೆಂದು ನನ್ನ ಮುಂದೆ ಒಪ್ಪಿಸಿದಳು. ಇನ್ನೊಂದು ತಿಂಗಳು ಕೊಡಿ, ಮಧ್ಯಾಹ್ನ ಯಾರನ್ನೂ ಹತ್ತಿಸುವುದಿಲ್ಲ, ಅಮ್ಮನವರ ಬಟ್ಟೆ ಎಲ್ಲ ನಾನೇ ಹೊಲಿಯುತ್ತೇನೆ. ಮೂರು ಗಂಟೆಯ ಹೊತ್ತಿಗೆ ಮೇಲೆ ಮೆಷಿನ್ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಾಲೀಕರು ಬಂದು, ನನ್ನ ಕಡೆ ಒಮ್ಮೆ ನೋಡಿ, ಹತ್ತಿದರು. ನಾನು ತೂಗುತ್ತಿದ್ದ ಮೊಳೆ ತಕ್ಕಡಿಯಲ್ಲೇ ಬಿಟ್ಟು ಎಣಿಸಿದೆ. ಒಂಬತ್ತು. ಹನ್ನೊಂದು. ಹದಿನಾಲ್ಕು. ಏನೂ ಇಲ್ಲ.

ಮಾಲೀಕರು ಇಳಿದು ಬಂದಾಗ ಚಪ್ಪಲಿ ಕೈಯಲ್ಲಿತ್ತು.

"ಏನಾಯ್ತು ಸಾರ್?"

"ಆಯಮ್ಮ ಮೆಷಿನ್ ಮೇಲೆ ತಲೆ ಇಟ್ಟು ಮಲಗಿಬಿಟ್ಟಿದಾರೆ. ಅದು ಬಾಗಿಲಲ್ಲಿ ಬಾಯಿ ಮುಚ್ಕೊಂಡು ನನ್ನ ಕೈಯನ್ನೇ ನೋಡ್ತಾ ಇತ್ತು. ನನ್ನ ಹತ್ರ ಏನಿರುತ್ತೆ?" ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡರು. "ಎಬ್ಬಿಸೋದು ಬೇಡ ಅಂತ ಬಂದೆ. ಇರ್ಲಿ ಬಿಡಿ. ಎದ್ಮೇಲೆ ಹೇಳಿ."

ಐದೂವರೆಗೆ ಅಕ್ಕ ಗಾಬರಿಯಲ್ಲಿ ಇಳಿದು ಬಂದಳು. ಕೆನ್ನೆಯ ಮೇಲೆ ಹೊಲಿಗೆಯ ಗೆರೆ ಮೂಡಿತ್ತು. ನಾನು ಹೇಳಿದ್ದನ್ನು ಕೇಳಿ ಪೇಂಟಿನ ಡಬ್ಬಿಯ ಮೇಲೆ ಕೂತಳು.

"ಅಷ್ಟೆಲ್ಲ ಒಪ್ಪಿಸಿದ್ದು ದಂಡ ಆಯ್ತಲ್ಲ" ಎಂದು, ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದಳು. "ಗೋಡೌನಿನವರಿಗೆ ಬೇರೆ ನಾಯಿ ನೋಡ್ಕೊಳ್ಳೋಕೆ ಹೇಳು. ಇದು ಕಾವಲಿಗೆ ಆಗಲ್ಲ. ಯಾರು ಬಂದ್ರೂ ರಸ್ಕ್ ಇದೆಯಾ ಅಂತ ಕೈ ನೋಡುತ್ತೆ." ಅವನೇನೋ ಹೇಳಿದ. "ನೀನು ಬಂದ್ರೂ ಅಷ್ಟೇ" ಎಂದು ಇಟ್ಟಳು.

ಏಳುವಾಗ ಕೇಳಿದಳು, "ಇನ್ಮೇಲೆ ಯಾರು ಬಂದ್ರೂ ನಂಗೆ ಗೊತ್ತಾಗಲ್ವಲ್ಲ. ಬಾಗಿಲಿಗೆ ಒಂದು ಬೆಲ್ ಕೊಡಿ ಸಾವ್ಕಾರ್ರೇ."

ಬೆಲ್ ಹೊಡೆದರೆ ನಾಯಿ ಏನು ಮಾಡುತ್ತದೆ, ಮತ್ತೆ ಎಷ್ಟು ರಸ್ಕು, ಎಷ್ಟು ವಾರ ಎಂದು ನನ್ನ ಕಣ್ಣ ಮುಂದೆ ಬಂತು.

"ಬೆಲ್ ಮುಗಿದಿದೆ ಅಕ್ಕಾ."

ಅವಳು ನನ್ನ ಹಿಂದಿನ ಶೆಲ್ಫಿನಲ್ಲಿ ಸಾಲಾಗಿದ್ದ ಆರು ಬೆಲ್ಲಿನ ಡಬ್ಬಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ಹೌದು, ಮುಗಿದಿದೆ" ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಯೂನಿಫಾರ್ಮ್ ಇನ್ನೂ ನಲವತ್ತು ಜೊತೆ ಬಾಕಿ ಇತ್ತು.