ಎರ್ಮಿಂದಾ ಟೀಚರ ಕೈ

ಉರುಗ್ವೆಯ ನಮ್ಮ ಬಂದರಿನ ಶಾಲೆಯಲ್ಲಿ ಎರ್ಮಿಂದಾ ಟೀಚರು ಎದುರು ನಿಂತು ಪ್ರಶ್ನೆ ಕೇಳಿದವರೇ ಅಲ್ಲ. ಬಗಲಲ್ಲಿ ಬಿಸಿನೀರಿನ ಥರ್ಮಾಸ್, ಕೈಯಲ್ಲಿ ‘ಮಾತೆ’ ಎಂಬ ಎಲೆಕಷಾಯದ ಸೋರೆಬುರುಡೆ ಹಿಡಿದು ಬೆಂಚುಗಳ ಹಿಂದೆ ಬೆಕ್ಕಿನಂತೆ ಸುಳಿದಾಡುವರು, ಹಿಂದಿನಿಂದ ಕೈಚಾಚಿ ಯಾರ ಕೊರಳಿನ ಸಮವಸ್ತ್ರದ ನೀಲಿ ಬೋ ಮುಟ್ಟಿದರೋ ಅವರು ಎದ್ದು ಸ್ಪ್ಯಾನಿಶ್ ಕ್ರಿಯಾಪದದ ಭೂತಕಾಲ ಒಪ್ಪಿಸಬೇಕು. ಯಾರ ಮನೆಯ ಕಸುಬು ಏನೋ, ಅವರಿಗೆ ಅದೇ ಕ್ರಿಯಾಪದ: ಬೇಕರಿಯವರ ಮಗ ವಾಲ್ತೆರ್‌ಗೆ ‘ನಾದು’, ದೋಣಿಗಾರ ಬಸಿಲಿಯೋನ ಮಗಳು ನಿಬಿಯಾಗೆ ‘ಹುಟ್ಟು ಹಾಕು’. ವಾಲ್ತೆರ್ "ಅಮಸೇ, ಅಮಸಾಸ್ತೆ..." ಎಂದು ‘ನಾನು ನಾದಿದೆ, ನೀನು ನಾದಿದೆ’ಯ ಆಚೆ ಹೋಗದೆ ತಡವರಿಸಿದರೆ "ಏನಪ್ಪಾ, ಹಿಟ್ಟು ನಾದಿದ್ದು ನಿಮ್ಮಪ್ಪನೋ, ಪಕ್ಕದ್ಮನೆ ಕತ್ತೆನೋ? ಮೊದಲಿಂದ ಹೇಳು!" ಎಂದು ಗುಡುಗುವರು. ಆ ಕೈ ಹತ್ತಿರ ಬಂದರೆ ಕಡಲೂ ಗಪ್‌ಚಿಪ್ಪಾಗುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಆಗಸ್ಟಿನ ಗಾಳಿಗೆ ದೋಣಿ ಮಗುಚಿ ಬಸಿಲಿಯೋ ತೀರಿಕೊಂಡ ಮೇಲೆ ನಿಬಿಯಾ ಮೊದಲ ಸಲ ಶಾಲೆಗೆ ಬಂದಾಗ ಬೋ ಬಿಚ್ಚಿ ಜೋತುಬಿದ್ದಿತ್ತು. ದಿನಾ ಕಟ್ಟುತ್ತಿದ್ದವನು ಅಪ್ಪ. ಟೀಚರು ಅವಳ ಹಿಂದೆ ನಿಂತರು, ಕೈಚಾಚಿ ಬೋ ಹಿಡಿದರು. ನಿಬಿಯಾ ಎದ್ದಳು. "ರೆಮೇ, ರೆಮಾಸ್ತೆ..." ನಾನು, ನೀನು ಆಯಿತು; ಮುಂದಿನದು ‘ಅವನು ಹುಟ್ಟು ಹಾಕಿದ’. "ಕೂತ್ಕೋ ಮಗಳೇ, ನಾನೇನು ಕೇಳಿದ್ನಾ?" ಎಂದ ಟೀಚರು, ಎಂದೂ ಎದುರಿಗೆ ಬಾರದವರು, ಬಂದು ಮಂಡಿಯೂರಿ ಬೋ ಕಟ್ಟಿದರು, ಗಂಟು ಜಾರಿತು, ಮತ್ತೆ ಕಟ್ಟಿದರು. ಮರುದಿನದಿಂದ ನಿಬಿಯಾ ಬೋ ಬಿಚ್ಚಿಕೊಂಡೇ ಬರುತ್ತಿದ್ದಳು, ಟೀಚರು ಬಾಗಿಲಲ್ಲೇ ಕಟ್ಟುತ್ತಿದ್ದರು. ಅವಳು ತಾನೇ ಕಟ್ಟಿಕೊಳ್ಳಲು ಕಲಿತದ್ದು ನಮಗೆಲ್ಲ ಗೊತ್ತಿತ್ತು, ಟೀಚರಿಗೂ ಗೊತ್ತಿತ್ತು.